ಯಾವುದರ ಶೇಕಡಾ? ಲೆಕ್ಕಕ್ಕೆ ಕೈ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ

ಮೊದಲು ಈ ಲೆಕ್ಕವನ್ನು ಬಿಡಿಸಿ ನೋಡಿ. ಒಂದು ಶಾಲೆಯ ವಿದ್ಯಾರ್ಥಿಗಳ ಸಂಖ್ಯೆ ಕಳೆದ ವರ್ಷಕ್ಕಿಂತ ಶೇ 20ರಷ್ಟು ಹೆಚ್ಚಿ ಈ ವರ್ಷ 600 ಆಗಿದೆ. ಕಳೆದ ವರ್ಷ ಎಷ್ಟು ಮಂದಿ ಇದ್ದರು?

600ರ ಶೇ 20 ಎಂದರೆ 120, ಅದನ್ನು ಕಳೆದರೆ 480 ಎಂದು ಥಟ್ಟನೆ ಬರೆದುಬಿಡುವವರು ಬಹಳ. ಗುಣಾಕಾರ ಸರಿ, ವ್ಯವಕಲನ ಸರಿ, ಉತ್ತರ ಮಾತ್ರ ತಪ್ಪು. ತಾಳೆ ನೋಡಿ: 480ರ ಶೇ 20 ಎಂದರೆ 96. ಸೇರಿಸಿದರೆ 576 ಆಗುತ್ತದೆಯೇ ಹೊರತು 600 ಆಗುವುದಿಲ್ಲ. ಸರಿಯಾದ ಉತ್ತರ 500.

ಶೇಕಡಾ ಲೆಕ್ಕದಲ್ಲಿ ಎಡವುವವರು ಮಗ್ಗಿ ಬಾರದೆ ಎಡವುವುದು ಕಡಿಮೆ ಎಂಬುದು ನಾನು ಕಂಡುಕೊಂಡ ಮಾತು. ‘ಯಾವುದರ ಶೇಕಡಾ?’ ಎಂದು ಕೇಳಿಕೊಳ್ಳದೆ ಕೈಗೆ ಸಿಕ್ಕಿದ ಸಂಖ್ಯೆಯ ಮೇಲೆ ಲೆಕ್ಕ ಶುರು ಮಾಡುವುದೇ ಮುಖ್ಯ ತೊಂದರೆ. ಮೇಲಿನ ಲೆಕ್ಕದಲ್ಲಿ ಶೇ 20 ಎಂಬುದು ಕಳೆದ ವರ್ಷದ ಸಂಖ್ಯೆಯ ಶೇ 20. ಕಣ್ಣೆದುರಿಗೆ ಇದ್ದದ್ದು ಈ ವರ್ಷದ 600. ಕೈ ಕಣ್ಣೆದುರಿನದ್ದಕ್ಕೇ ಹೋಯಿತು.

ಸುಳಿವು ವಿಭಕ್ತಿಯಲ್ಲಿದೆ

ಶೇಕಡಾ ಎಂದರೆ ನೂರಕ್ಕೆ ಇಷ್ಟು. ಮರಾಠಿಯಲ್ಲಿ ‘ಶೇಕಡಾ’ ಎಂದರೆ ನೂರರ ಗುಂಪು. ‘ಪ್ರತಿಶತ’ದಲ್ಲಿರುವ ಶತವೂ ನೂರೇ. % ಎಂಬ ಚಿಹ್ನೆ ಕೂಡ, ‘ನೂರಕ್ಕೆ’ ಎಂಬರ್ಥದ ‘ಪೆರ್ ಚೆಂತೊ’ ಎಂಬ ಇಟಾಲಿಯನ್ ಮಾತನ್ನು ಮೊಟಕುಮಾಡಿ ಬರೆಯುತ್ತಾ ಬರೆಯುತ್ತಾ ಸವೆದು ಉಳಿದ ರೂಪ. ಆದ್ದರಿಂದ ಶೇ 35 ಎಂದರೆ 35/100, ಅಂದರೆ 0.35. ಆದರೆ ಬರೀ ‘ಶೇ 35’ ಎಂಬ ಮಾತು ಅರ್ಧ ಮಾತು. ಯಾವುದೋ ಒಂದರ ಶೇ 35 ಎಂದಾಗಲೇ ಅದು ಪೂರ್ತಿಯಾಗುವುದು. ಆ ‘ಯಾವುದೋ ಒಂದ’ನ್ನು ಇಲ್ಲಿ ಮೂಲ ಎಂದು ಕರೆಯುತ್ತೇನೆ.

ಮೂಲವನ್ನು ಹುಡುಕಲು ಕನ್ನಡವೇ ಒಂದು ದಾರಿ ತೋರಿಸುತ್ತದೆ. ವ್ಯಾಕರಣದ ತರಗತಿಯಲ್ಲಿ ಬಾಯಿಪಾಠ ಮಾಡಿದ ವಿಭಕ್ತಿ ಪ್ರತ್ಯಯಗಳು ಗಣಿತದ ತರಗತಿಯಲ್ಲೂ ಕೆಲಸಕ್ಕೆ ಬರುತ್ತವೆ. ಈ ಮೂರು ವಾಕ್ಯಗಳನ್ನು ನೋಡಿ:

240ರ ಶೇ 35 ಎಷ್ಟು?
ವಿದ್ಯಾರ್ಥಿಗಳಲ್ಲಿ ಶೇ 35 ಮಂದಿ ಹುಡುಗಿಯರು.
ಈ ಹಗ್ಗ ಆ ಹಗ್ಗಕ್ಕಿಂತ ಶೇ 35 ಉದ್ದ.

ಮೊದಲನೆಯದರಲ್ಲಿ ‘ರ’ ಅಂಟಿಸಿಕೊಂಡ 240 ಮೂಲ. ಎರಡನೆಯದರಲ್ಲಿ ‘ಅಲ್ಲಿ’ ಹತ್ತಿದ ಒಟ್ಟು ವಿದ್ಯಾರ್ಥಿಗಳ ಸಂಖ್ಯೆ ಮೂಲ. ಮೂರನೆಯದರಲ್ಲಿ ‘ಇಂತ’ ಹತ್ತಿದ ಆ ಹಗ್ಗ ಮೂಲ, ಈ ಹಗ್ಗವಲ್ಲ. ಸಾಮಾನ್ಯವಾಗಿ ಷಷ್ಠಿಯ ‘ಅ’, ಸಪ್ತಮಿಯ ‘ಅಲ್ಲಿ’, ಹೋಲಿಕೆಯ ‘ಇಂತ’ ಇವುಗಳಲ್ಲಿ ಯಾವುದಾದರೊಂದು ಯಾವ ಪದಕ್ಕೆ ಹತ್ತಿದೆಯೋ ಆ ಪದವೇ ಮೂಲ. ಪೆನ್ಸಿಲಿನಿಂದ ಅದರ ಕೆಳಗೆ ಗೆರೆ ಎಳೆಯಿರಿ, ಆಮೇಲೆ ಲೆಕ್ಕ ಶುರು ಮಾಡಿ. ಒಂದು ಎಚ್ಚರಿಕೆ: ‘ಶೇ 20ರಷ್ಟು’ ಎಂಬಲ್ಲಿಯೂ ‘ರ’ ಇದೆ. ಅದು ದರಕ್ಕೆ ಅಂಟಿಕೊಂಡದ್ದು. ಅದಕ್ಕೂ ಮೂಲಕ್ಕೂ ಸಂಬಂಧವಿಲ್ಲ.

ಎಷ್ಟೋ ವಾಕ್ಯಗಳಲ್ಲಿ ಮೂಲ ಬಾಯಿ ಬಿಡದೆ ಕುಳಿತಿರುತ್ತದೆ. ‘ಉತ್ಪಾದನೆ ಶೇ 10 ಏರಿತು’ ಎಂದರೆ ಏರುವ ಮೊದಲು ಇದ್ದ ಉತ್ಪಾದನೆಯ ಶೇ 10. ಏರಿಕೆ, ಇಳಿಕೆ ಎಂದ ಕೂಡಲೇ ಮೂಲ ಹಳೆಯ ಸಂಖ್ಯೆ. ಇದಕ್ಕೆ ಶಾಲಾ ಗಣಿತದಲ್ಲಿ ವಿನಾಯಿತಿ ಇಲ್ಲ. ಲಾಭ, ನಷ್ಟ ಎಂದರೆ ಕೊಂಡ ಬೆಲೆಯ ಮೇಲೆ. ಸೋಡಿ ಅಥವಾ ರಿಯಾಯಿತಿ ಎಂದರೆ ನಮೂದಿಸಿದ ಬೆಲೆಯ ಮೇಲೆ. ಅಳತೆಯ ದೋಷ ಎಂದರೆ ನಿಜವಾದ ಅಳತೆಯ ಮೇಲೆ. ಈ ನಾಲ್ಕನ್ನು ಮಾತ್ರ ನೆನಪಿನಲ್ಲಿಡಬೇಕು. ಇವು ಒಪ್ಪಂದಗಳು, ಯೋಚಿಸಿ ಕಂಡುಹಿಡಿಯುವಂಥವಲ್ಲ.

ಮೂಲ, ದರ, ಭಾಗ

ಮೂಲ ಸಿಕ್ಕಿದ ಮೇಲೆ ಉಳಿದದ್ದು ಸುಲಭ. ಇರುವುದು ಮೂರೇ ವಸ್ತುಗಳು: ಮೂಲ, ಶೇಕಡಾ ದರ, ಭಾಗ. ಅವುಗಳ ನಂಟೂ ಒಂದೇ:

ಭಾಗ = ಮೂಲ × ದರ ÷ 100

240 ಪುಟಗಳ ಪುಸ್ತಕದಲ್ಲಿ ಶೇ 35 ಓದಿಯಾಗಿದೆ ಎಂದರೆ 240 × 35 ÷ 100 = 84 ಪುಟ. ಈಗ 35ರ ಮೇಲೆ ಬೆರಳಿಟ್ಟು ಮುಚ್ಚಿ: 240ರಲ್ಲಿ 84 ಪುಟ ಓದಿದರೆ ಶೇಕಡಾ ಎಷ್ಟು? 84 ÷ 240 × 100 = 35. ಈಗ 240ನ್ನು ಮುಚ್ಚಿ: 84 ಪುಟ ಓದಿದಾಗ ಪುಸ್ತಕದ ಶೇ 35 ಮುಗಿಯಿತು, ಒಟ್ಟು ಪುಟ ಎಷ್ಟು? 84 × 100 ÷ 35 = 240. ಮೂರು ಬೇರೆ ಬೇರೆ ಸೂತ್ರಗಳನ್ನು ಉರು ಹೊಡೆಯುವ ಅಗತ್ಯ ಇಲ್ಲ. ಯಾವುದು ಮುಚ್ಚಿದೆ ಎಂದು ನೋಡಿದರೆ ಸಾಕು.

ಮೂರನೆಯ ಬಗೆ ಕಷ್ಟ ಎನಿಸಿದರೆ ಏಕಮಾನ ಪದ್ಧತಿಯನ್ನು ಹಿಡಿಯಿರಿ. ಶೇ 35ಕ್ಕೆ 84 ಪುಟ; ಹಾಗಾದರೆ ಶೇ 1ಕ್ಕೆ 84 ÷ 35 = 2.4, ಶೇ 100ಕ್ಕೆ 240. ‘ಶೇ 1 ಎಷ್ಟು?’ ಎಂದು ಕೇಳಿದರೆ ಬಿಡಿಸಲಾಗದ ಶಾಲಾ ಲೆಕ್ಕ ಬಹಳ ಕಡಿಮೆ. ಸೂತ್ರ ಮರೆತ ದಿನ ಕೈ ಹಿಡಿಯುವುದು ಇದೇ.

ಈ ಉಪಾಯ ಎಷ್ಟು ದೂರ ಒಯ್ಯುತ್ತದೆ ಎಂಬುದಕ್ಕೆ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಬರುವ ಬಗೆಯ ಒಂದು ಲೆಕ್ಕ. ಒಬ್ಬ ವಿದ್ಯಾರ್ಥಿ ಶೇ 30 ಅಂಕ ಪಡೆದು, ತೇರ್ಗಡೆಗೆ 12 ಅಂಕ ಸಾಲದೆ ಅನುತ್ತೀರ್ಣನಾದ. ಇನ್ನೊಬ್ಬಳು ಶೇ 45 ಪಡೆದಳು. ಅದು ತೇರ್ಗಡೆಗೆ ಬೇಕಾದದ್ದಕ್ಕಿಂತ 18 ಅಂಕ ಹೆಚ್ಚು. ಒಟ್ಟು ಅಂಕ ಎಷ್ಟು? ಹೆದರಿ ಎಕ್ಸ್, ವೈ ಎಂದು ಶುರು ಮಾಡಬೇಕಿಲ್ಲ. ಇಬ್ಬರಿಗೂ ಮೂಲ ಒಂದೇ, ಒಟ್ಟು ಅಂಕ. ಇಬ್ಬರ ನಡುವಿನ ಅಂತರ ಶೇಕಡಾದಲ್ಲಿ 15, ಅಂಕದಲ್ಲಿ 12 + 18 = 30. ಶೇ 15ಕ್ಕೆ 30 ಆದರೆ ಶೇ 1ಕ್ಕೆ 2, ಶೇ 100ಕ್ಕೆ 200. ತೇರ್ಗಡೆಗೆ ಬೇಕಾದ ಅಂಕ 60 + 12 = 72; ಇನ್ನೊಂದು ಕಡೆಯಿಂದ 90 − 18 = 72. ತಾಳೆ ಬಿತ್ತು.

ಬಾಯಿಲೆಕ್ಕ

ಶೇ 10 ಬೇಕಾದರೆ ದಶಮಾಂಶ ಬಿಂದುವನ್ನು ಒಂದು ಸ್ಥಾನ ಎಡಕ್ಕೆ ಸರಿಸಿ. ಶೇ 1 ಬೇಕಾದರೆ ಎರಡು ಸ್ಥಾನ. ಉಳಿದವನ್ನು ಇವುಗಳಿಂದಲೇ ಕಟ್ಟಬಹುದು. 240ರ ಶೇ 10 ಎಂದರೆ 24, ಅದರ ಮೂರು ಪಟ್ಟು 72, ಶೇ 5 ಎಂದರೆ 24ರ ಅರ್ಧ 12, ಒಟ್ಟು 84.

ಕೆಲವು ದರಗಳು ಭಿನ್ನರಾಶಿಯ ವೇಷದಲ್ಲಿ ಇನ್ನೂ ಹಗುರ. ಶೇ 25 ಕಾಲು ಭಾಗ, ಶೇ 75 ಮುಕ್ಕಾಲು, ಶೇ 20 ಐದನೆಯ ಒಂದು ಭಾಗ, ಶೇ 12.5 ಎಂಟನೆಯ ಒಂದು ಭಾಗ, ಶೇ 33⅓ ಮೂರನೆಯ ಒಂದು ಭಾಗ, ಶೇ 16⅔ ಆರನೆಯ ಒಂದು ಭಾಗ. 720ರ ಶೇ 12.5 ಕೇಳಿದಾಗ 12.5ರಿಂದ ಗುಣಿಸಲು ಹೊರಡುವುದು ಕೈಯಾರೆ ಕಷ್ಟ ತಂದುಕೊಂಡಂತೆ. 8ರಿಂದ ಭಾಗಿಸಿ, 90.

ನನಗೆ ಬಹಳ ಮೆಚ್ಚಿಗೆಯಾದದ್ದು ಅದಲು ಬದಲು. 25ರ ಶೇ 48 ಎಷ್ಟು? 48ರ ಶೇ 25 ಎಷ್ಟೋ ಅಷ್ಟೇ, 12. ಎರಡರಲ್ಲೂ ಆಗುತ್ತಿರುವುದು 25 × 48 ÷ 100 ಆದ್ದರಿಂದ ಉತ್ತರ ಬೇರೆಯಾಗಲು ಸಾಧ್ಯವೇ ಇಲ್ಲ. 50ರ ಶೇ 14 ಎಂದರೆ 14ರ ಅರ್ಧ, 7.

ಒಂದಕ್ಕಿಂತ ಕಡಿಮೆಯ ದರ ಬಂದಾಗ ಮಾತ್ರ ನಿಧಾನಿಸಿ. 200ರ ಶೇ 0.5 ಎಂದರೆ 1, 100 ಅಲ್ಲ. 0.5 ಕಂಡೊಡನೆ ‘ಅರ್ಧ’ ಎನ್ನುವ ಅಭ್ಯಾಸ ಇಲ್ಲಿ ದಾರಿ ತಪ್ಪಿಸುತ್ತದೆ. ಅದು ನೂರಕ್ಕೆ ಅರ್ಧ.

ಏರಿಕೆ, ಇಳಿಕೆ ಬಂದರೆ ಗುಣಿಸಿ

ಶೇ 20 ಏರಿಕೆ ಎಂದರೆ ಹಳೆಯ 100 ಈಗ 120 ಆಯಿತು. ಅಂದರೆ ಹಳೆಯದನ್ನು 1.2ರಿಂದ ಗುಣಿಸಿದಂತೆ. ಶೇ 20 ಇಳಿಕೆ ಎಂದರೆ 0.8ರಿಂದ. ಈ 1.2, 0.8ಗಳನ್ನು ಗುಣಕ ಎನ್ನೋಣ. ‘ಶೇಕಡಾ ಕಂಡುಹಿಡಿ, ಆಮೇಲೆ ಕೂಡು’ ಎಂಬ ಎರಡು ಹೆಜ್ಜೆಗಳ ಬದಲು ಒಂದೇ ಹೆಜ್ಜೆ. ಅದಕ್ಕಿಂತ ಹೆಚ್ಚಿನ ಲಾಭವೆಂದರೆ ಹಿಂದಕ್ಕೆ ಹೋಗುವುದೂ ಅಷ್ಟೇ ಸುಲಭ. ಮುಂದೆ ಹೋಗಲು ಗುಣಿಸಿದ್ದರೆ ಹಿಂದೆ ಬರಲು ಭಾಗಿಸಬೇಕು. ಆರಂಭದ ಶಾಲೆಯ ಲೆಕ್ಕ: 600 ÷ 1.2 = 500.

ಈಗ ಒಂದು ಸಂಖ್ಯೆ ಶೇ 20 ಏರಿ, ಆಮೇಲೆ ಶೇ 20 ಇಳಿಯಿತು ಎನ್ನಿ. ಮೊದಲಿನಷ್ಟೇ ಆಗುತ್ತದೆಯೇ? 1.2 × 0.8 = 0.96. ಇಲ್ಲ, ಶೇ 4 ಕಡಿಮೆಯಾಗಿದೆ. ಎರಡೂ ಕಡೆ ‘ಶೇ 20’ ಎಂದೇ ಬರೆದಿದ್ದರೂ ಮೊದಲನೆಯದು 100ರ ಶೇ 20, ಎರಡನೆಯದು 120ರ ಶೇ 20. ಮೂಲ ನಡುವೆ ಬದಲಾಯಿತು. ಮೊದಲು ಇಳಿಸಿ ಆಮೇಲೆ ಏರಿಸಿದರೆ? ಆಗಲೂ 0.96; ಗುಣಾಕಾರಕ್ಕೆ ಹಿಂದುಮುಂದಿನ ಭೇದವಿಲ್ಲ.

ಒಂದರ ಮೇಲೊಂದು ಬರುವ ಸೋಡಿಗಳೂ ಹೀಗೆಯೇ. ‘ಶೇ 20 ಸೋಡಿ, ಅದರ ಮೇಲೆ ಶೇ 10 ಸೋಡಿ’ ಎಂದರೆ ಶೇ 30 ಅಲ್ಲ. 0.8 × 0.9 = 0.72, ಅಂದರೆ ಒಟ್ಟು ಸೋಡಿ ಶೇ 28. ಬೇರೆ ಬೇರೆ ಮೂಲದ ಶೇಕಡಾಗಳನ್ನು ಹಾಗೇ ಕೂಡಿಸುವಂತಿಲ್ಲ, ಕಳೆಯುವಂತಿಲ್ಲ.

ಏರಿದ್ದು ಮರಳಿ ಮೊದಲಿನ ಮಟ್ಟಕ್ಕೆ ಬರಬೇಕಾದರೆ ಎಷ್ಟು ಇಳಿಯಬೇಕು? ಶೇ 25 ಏರಿದರೆ 100 ಹೋಗಿ 125 ಆಯಿತು. ಈಗ 125ರಿಂದ 25 ಇಳಿಯಬೇಕು. 25 ÷ 125 ಎಂದರೆ ಶೇ 20. ಶೇ 20 ಇಳಿದದ್ದು ಮೇಲೆ ಬರಬೇಕಾದರೆ ಶೇ 25 ಏರಬೇಕು. ಅರ್ಧಕ್ಕೆ ಕುಸಿದದ್ದು ಸರಿಹೋಗಬೇಕಾದರೆ ಶೇ 100 ಏರಬೇಕು. ‘ರಾಮನ ಎತ್ತರ ಶ್ಯಾಮನಿಗಿಂತ ಶೇ 25 ಹೆಚ್ಚು, ಶ್ಯಾಮನ ಎತ್ತರ ರಾಮನಿಗಿಂತ ಶೇಕಡಾ ಎಷ್ಟು ಕಡಿಮೆ?’ ಎಂದು ಸುತ್ತುಬಳಸಿ ಕೇಳುವ ಪ್ರಶ್ನೆಯೂ ಇದೇ. ‘ಇಂತ’ ಜಾಗ ಬದಲಿಸಿದೆ, ಮೂಲವೂ ಬದಲಾಗಿದೆ. ಉತ್ತರ ಶೇ 20.

ಕ್ಯಾಲ್ಕುಲೇಟರಿನ % ಗುಂಡಿಯನ್ನು ನಂಬಿ ಕೂರಬೇಡಿ. 200 + 10% ಎಂದು ಒತ್ತಿದರೆ ಕೆಲವು ಯಂತ್ರಗಳು 220 ತೋರಿಸುತ್ತವೆ, ಕೆಲವು 200.1 ತೋರಿಸುತ್ತವೆ. 200 × 1.1 ಎಂದು ಒತ್ತಿದರೆ ಎಲ್ಲದರಲ್ಲೂ 220.

ಲಾಭ, ನಷ್ಟ, ಬಡ್ಡಿ

400ಕ್ಕೆ ಕೊಂಡದ್ದನ್ನು 500ಕ್ಕೆ ಮಾರಿದರೆ ಲಾಭ 100. ಕೊಂಡ ಬೆಲೆ ಮೂಲವಾದ್ದರಿಂದ ಶೇ 25 ಲಾಭ. 500ರಿಂದ ಭಾಗಿಸಿ ಶೇ 20 ಎಂದು ಬರೆದರೆ ಅಂಕ ಹೋಯಿತು.

ಈ ಅಧ್ಯಾಯದ ಹಳೆಯ ಬಲೆಯೊಂದಿದೆ. ಎರಡು ವಸ್ತುಗಳನ್ನು ತಲಾ 600ಕ್ಕೆ ಮಾರಲಾಯಿತು. ಒಂದರಲ್ಲಿ ಶೇ 20 ಲಾಭ, ಇನ್ನೊಂದರಲ್ಲಿ ಶೇ 20 ನಷ್ಟ. ಒಟ್ಟಿನಲ್ಲಿ ಲಾಭವೂ ಇಲ್ಲ ನಷ್ಟವೂ ಇಲ್ಲ ಎಂದು ಮನಸ್ಸು ಹೇಳುತ್ತದೆ. ಕೊಂಡ ಬೆಲೆಗಳನ್ನು ಹುಡುಕಿ: 600 ÷ 1.2 = 500, 600 ÷ 0.8 = 750. ಹಾಕಿದ್ದು 1250, ಬಂದದ್ದು 1200. ನಷ್ಟ 50, ಅಂದರೆ ಶೇ 4. ಲಾಭದ ಶೇ 20 ಸಣ್ಣ ಮೂಲದ ಮೇಲೆ, ನಷ್ಟದ ಶೇ 20 ದೊಡ್ಡ ಮೂಲದ ಮೇಲೆ ಬಿದ್ದಿದೆ.

ಬಡ್ಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದಕ್ಕೇ ಬೇರೆ ಅಧ್ಯಾಯವಿದೆ. ಸರಳ ಬಡ್ಡಿಯಲ್ಲಿ ಪ್ರತಿ ವರ್ಷವೂ ಮೂಲ ಅದೇ ಅಸಲು. ಚಕ್ರಬಡ್ಡಿಯಲ್ಲಿ ವರ್ಷ ಕಳೆದಂತೆ ಮೂಲ ಬೆಳೆಯುತ್ತದೆ. 1000ಕ್ಕೆ ಶೇ 10ರಂತೆ ಮೂರು ವರ್ಷಕ್ಕೆ ಸರಳ ಬಡ್ಡಿ 300. ವರ್ಷಕ್ಕೊಮ್ಮೆ ಸೇರುವ ಚಕ್ರಬಡ್ಡಿಯಲ್ಲಿ 1000 ಹೋಗಿ 1100, 1210, 1331, ಬಡ್ಡಿ 331.

ಜಾಣರೂ ಜಾರುವ ಮೂರು ಕಡೆ

ಮೊದಲನೆಯದು ಸರಾಸರಿ. ಒಂದು ವಿಭಾಗದಲ್ಲಿ 40 ವಿದ್ಯಾರ್ಥಿಗಳಿದ್ದು ಶೇ 90 ತೇರ್ಗಡೆ. ಇನ್ನೊಂದರಲ್ಲಿ 10 ವಿದ್ಯಾರ್ಥಿಗಳಿದ್ದು ಶೇ 50 ತೇರ್ಗಡೆ. ಎರಡೂ ಸೇರಿ ಶೇಕಡಾ ಎಷ್ಟು? 90 ಮತ್ತು 50ರ ಸರಾಸರಿ 70 ಎನ್ನುವುದು ತಪ್ಪು. ತಲೆ ಎಣಿಸಿ: 36 + 5 = 41 ಮಂದಿ, ಒಟ್ಟು 50ರಲ್ಲಿ. ಶೇ 82. ಮೂಲಗಳು ಸಮನಾಗಿದ್ದಾಗ ಮಾತ್ರ ಶೇಕಡಾಗಳ ನೇರ ಸರಾಸರಿಯನ್ನು ನೆಚ್ಚಬಹುದು. ವಿಷಯವಾರು ಅಂಕಗಳಿಗೂ ಇದು ಅನ್ವಯಿಸುತ್ತದೆ. ಒಂದು ಪತ್ರಿಕೆ 100 ಅಂಕದ್ದು, ಇನ್ನೊಂದು 25 ಅಂಕದ್ದಾದರೆ ಮೊದಲು ಪಡೆದ ಅಂಕಗಳನ್ನು ಕೂಡಿ, ಆಮೇಲೆ 125ರಿಂದ ಭಾಗಿಸಿ.

ಎರಡನೆಯದು ಶೇಕಡಾದ ಶೇಕಡಾ. ಫಲಿತಾಂಶ ಶೇ 60ರಿಂದ ಶೇ 75ಕ್ಕೆ ಏರಿತು. ಎಷ್ಟು ಏರಿತು? ‘ಶೇ 15’ ಎಂದು ಹೇಳುವುದು ರೂಢಿ. ಕಟ್ಟುನಿಟ್ಟಾಗಿ ನೋಡಿದರೆ 15 ಎಂಬುದು ಎರಡು ದರಗಳ ನಡುವಿನ ಅಂತರ, ಅದನ್ನು ಶೇಕಡಾವಾರು ಅಂಶ ಎನ್ನುತ್ತಾರೆ. 60ನ್ನು ಮೂಲವಾಗಿಟ್ಟರೆ ಏರಿಕೆ 15 ÷ 60, ಅಂದರೆ ಶೇ 25. ಒಂದೇ ಸಂಗತಿಯನ್ನು ಸಣ್ಣದಾಗಿ ತೋರಿಸಬೇಕಾದವರು 15 ಎನ್ನುತ್ತಾರೆ, ದೊಡ್ಡದಾಗಿ ತೋರಿಸಬೇಕಾದವರು 25 ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ ಎಂಬುದೇ ಇಲ್ಲಿನ ತಮಾಷೆ.

ಮೂರನೆಯದು ಬದಲಾಗದೆ ಉಳಿದದ್ದನ್ನು ಮರೆಯುವುದು. 500 ಗ್ರಾಂ ಉಪ್ಪುನೀರಿನಲ್ಲಿ ತೂಕದ ಲೆಕ್ಕದಲ್ಲಿ ಶೇ 99 ನೀರಿದೆ. ಕಾಯಿಸಿದಾಗ ನೀರಿನ ಪಾಲು ಶೇ 98ಕ್ಕೆ ಇಳಿಯಿತು. ಈಗ ಒಟ್ಟು ತೂಕ ಎಷ್ಟು? ಶೇ 1 ತಾನೇ ಕಡಿಮೆಯಾದದ್ದು, 495 ಗ್ರಾಂ ಇರಬಹುದು ಎನಿಸುತ್ತದೆ. ನೀರನ್ನು ಬಿಟ್ಟು ಉಪ್ಪನ್ನು ಹಿಡಿಯಿರಿ, ಅದು ಆವಿಯಾಗುವುದಿಲ್ಲ. ಮೊದಲು ಉಪ್ಪು 500ರ ಶೇ 1, ಅಂದರೆ 5 ಗ್ರಾಂ. ಈಗಲೂ 5 ಗ್ರಾಂ. ಆದರೆ ಈಗ ಅದು ಒಟ್ಟು ತೂಕದ ಶೇ 2. ಶೇ 2ಕ್ಕೆ 5 ಗ್ರಾಂ ಆದರೆ ಶೇ 100ಕ್ಕೆ 250 ಗ್ರಾಂ. ಅರ್ಧಕ್ಕೆ ಅರ್ಧ ಆವಿಯಾಗಿ ಹೋಗಿದೆ! ಮೊದಲ ಸಲ ಈ ಉತ್ತರ ಕಂಡವರು ಒಪ್ಪದೆ ಮತ್ತೊಮ್ಮೆ ಲೆಕ್ಕ ಮಾಡುತ್ತಾರೆ. ಮಾಡಲಿ. ಮಿಶ್ರಣದ ಲೆಕ್ಕಗಳಲ್ಲೆಲ್ಲ ಮೊದಲ ಹೆಜ್ಜೆ ಇದೇ: ಯಾವುದು ಬದಲಾಗಿಲ್ಲ ಎಂದು ನೋಡಿ, ಅದನ್ನು ಗ್ರಾಮಿನಲ್ಲಿ ಬರೆದಿಟ್ಟುಕೊಳ್ಳಿ.

ಉತ್ತರ ಬರೆದ ಮೇಲೆ

ಅರ್ಧ ನಿಮಿಷ ಕೊಟ್ಟು ಉತ್ತರವನ್ನು ಪ್ರಶ್ನೆಯೊಳಗೆ ಮರಳಿ ಹಾಕಿ ಓದಿ. 480 ಎಂದು ಬರೆದವರು ಹೀಗೆ ಮಾಡಿದ್ದರೆ 576 ಕಂಡು ಅಲ್ಲೇ ತಿದ್ದಿಕೊಳ್ಳುತ್ತಿದ್ದರು. ನೂರರ ಗಡಿಯನ್ನೂ ನೋಡಿ. ಒಂದು ತರಗತಿಯಲ್ಲಿ ಹಾಜರಾದವರು ಶೇ 110 ಎಂದು ಬಂದರೆ ಅಂಶ ಮತ್ತು ಛೇದ ತಲೆಕೆಳಗಾಗಿವೆ. ಇದ್ದದ್ದಕ್ಕಿಂತ ಹೆಚ್ಚು ಕಡಿಮೆಯಾಗಲು ಬರುವುದಿಲ್ಲವಾದ್ದರಿಂದ ಜನರ ಸಂಖ್ಯೆ, ಉದ್ದ, ತೂಕಗಳ ಇಳಿಕೆ ಶೇ 100ನ್ನು ದಾಟದು. ಏರಿಕೆಗೆ ಮಾತ್ರ ಮಿತಿಯಿಲ್ಲ. 50 ಇದ್ದದ್ದು 150 ಆದರೆ ಅದು ಶೇ 200 ಏರಿಕೆ. ಮೂರು ಪಟ್ಟಾಯಿತೆಂದು ಶೇ 300 ಎಂದು ಬರೆಯಬೇಡಿ.

ಅಭ್ಯಾಸಕ್ಕೆ ಮೂರು ಲೆಕ್ಕ. ಉತ್ತರ ಕೆಳಗೇ ಇದೆ, ಮೊದಲು ಕಾಗದದಿಂದ ಮುಚ್ಚಿಕೊಳ್ಳಿ.

ಒಂದು: ಚೌಕದ ಬಾಹು ಶೇ 10 ಹೆಚ್ಚಿದರೆ ವಿಸ್ತೀರ್ಣ ಶೇಕಡಾ ಎಷ್ಟು ಹೆಚ್ಚುತ್ತದೆ?
ಎರಡು: ಒಂದು ಗ್ರಂಥಾಲಯದ ಪುಸ್ತಕಗಳಲ್ಲಿ ಶೇ 60 ಕಥೆಗಳು, ಕಥೆಗಳಲ್ಲಿ ಶೇ 25 ಮಕ್ಕಳವು. ಮಕ್ಕಳ ಕಥೆಪುಸ್ತಕಗಳು 90 ಇದ್ದರೆ ಒಟ್ಟು ಪುಸ್ತಕಗಳೆಷ್ಟು?
ಮೂರು: 40 ಗ್ರಾಂ ದ್ರಾವಣದಲ್ಲಿ ಶೇ 15 ಸಕ್ಕರೆ ಇದೆ. ಅದು ಶೇ 10 ಆಗಬೇಕಾದರೆ ಎಷ್ಟು ಗ್ರಾಂ ನೀರು ಸೇರಿಸಬೇಕು?

ಮೊದಲನೆಯದು 1.1 × 1.1 = 1.21, ಆದ್ದರಿಂದ ಶೇ 21. ಎರಡನೆಯದರಲ್ಲಿ 0.6 × 0.25 = 0.15, 90 ÷ 0.15 = 600 ಪುಸ್ತಕ. ಮೂರನೆಯದರಲ್ಲಿ ಬದಲಾಗದೆ ಉಳಿಯುವುದು 6 ಗ್ರಾಂ ಸಕ್ಕರೆ. ಅದು ಶೇ 10 ಆಗಲು ಒಟ್ಟು 60 ಗ್ರಾಂ ಇರಬೇಕು, ಸೇರಿಸಬೇಕಾದ ನೀರು 20 ಗ್ರಾಂ.